ಮಡಿಕೇರಿಯ ಟ್ಯಾಟೂ ಶಿಬಿರಕ್ಕೆ ಹೆಗಲು ಕೊಟ್ಟವರಿಗೆ

ತುಲಾ ಸಂಕ್ರಮಣ ಕಳೆದು ಹುತ್ತರಿಗೆ ಇನ್ನೂ ದಿನಗಳಿರುವಾಗ, ತೋಟಗಳಲ್ಲಿ ಅರೇಬಿಕಾ ಕೊಯ್ಲಿನ ಗಡಿಬಿಡಿ ಶುರುವಾಗುವ ಮುನ್ನ, ಮಡಿಕೇರಿಯಲ್ಲಿ ನಾವು ಏರ್ಪಡಿಸಿದ್ದ ಎರಡು ದಿನಗಳ ಟ್ಯಾಟೂ ಶಿಬಿರ ಸುಸೂತ್ರವಾಗಿ ಮುಗಿಯಿತು. ಬಂದವರೆಲ್ಲರೂ ಕಲಾವಿದರ ಕೈಚಳಕವನ್ನು ಮೆಚ್ಚಿ ಮಾತನಾಡುತ್ತಿದ್ದಾರೆ. ಆ ಮೆಚ್ಚುಗೆ ಅವರಿಗೆ ಸಲ್ಲಲೇಬೇಕು. ಆದರೆ ಸೂಜಿ ಚರ್ಮವನ್ನು ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ ಆಗಬೇಕಾದ ಕೆಲಸಗಳನ್ನು ಹೊತ್ತುಕೊಂಡವರು ಯಾರ ಕಣ್ಣಿಗೂ ಬಿದ್ದಿಲ್ಲ. ಅವರಿಗೆ ಎಲ್ಲರೆದುರು ಕೃತಜ್ಞತೆ ಸಲ್ಲಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ರೈಲು ಸಂಪರ್ಕವಿಲ್ಲದ ನಮ್ಮ ಜಿಲ್ಲೆಗೆ ಟ್ಯಾಟೂ ಸಾಮಗ್ರಿಯೆಲ್ಲ ಮೈಸೂರು, ಬೆಂಗಳೂರುಗಳಿಂದ ರಸ್ತೆಯ ಮೇಲೆಯೇ ಬರಬೇಕು. ನಾವು ಮುಂಚಿತವಾಗಿ ತರಿಸಿದ್ದ, ಟ್ಯಾಟೂ ಯಂತ್ರಕ್ಕೆ ಸಿಕ್ಕಿಸುವ ಕಾರ್ಟ್ರಿಡ್ಜ್ ಸೂಜಿಗಳ ಪೆಟ್ಟಿಗೆ ಹಿಂಗಾರು ಮಳೆಗೆ ಸಿಕ್ಕಿ, ಒಳಗಿನವರೆಗೂ ನೆನೆದು ನಮ್ಮ ಕೈ ಸೇರಿತು. ಈ ಸೂಜಿಗಳನ್ನು ಎಥಿಲೀನ್ ಆಕ್ಸೈಡ್ ಅನಿಲದಿಂದ ಸೋಂಕುಮುಕ್ತಗೊಳಿಸಿ, ಒಂದು ಬದಿ ಕಾಗದ ಇನ್ನೊಂದು ಬದಿ ಪ್ಲಾಸ್ಟಿಕ್ ಇರುವ ಪೊಟ್ಟಣದಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಮುಚ್ಚಿರುತ್ತಾರೆ. ಆ ಕಾಗದ ಒಮ್ಮೆ ಒದ್ದೆಯಾಯಿತೆಂದರೆ, ಒಳಗಿನ ಸೂಜಿ ಕಣ್ಣಿಗೆ ಎಷ್ಟೇ ಹೊಸದಾಗಿ ಕಂಡರೂ ಅದನ್ನು ಯಾರ ಮೈಗೂ ತಾಗಿಸುವಂತಿಲ್ಲ. ಇಡೀ ಪೆಟ್ಟಿಗೆಯನ್ನು ಬದಿಗಿಟ್ಟು ಶಿಬಿರವನ್ನೇ ಮುಂದೂಡುವ ಯೋಚನೆಯಲ್ಲಿದ್ದಾಗ, ಮೈಸೂರಿನಲ್ಲಿ ಸ್ಟುಡಿಯೋ ನಡೆಸುವ ಅಕ್ಕ ಒಬ್ಬರು ವಿಷಯ ತಿಳಿದು, ತಮ್ಮ ದಾಸ್ತಾನಿನಿಂದಲೇ ಸೂಜಿಗಳನ್ನು ತೆಗೆದು, ಬೆಳಗಿನ ಮೊದಲ ಬಸ್ಸಿಗೆ ತಮ್ಮ ಸಹಾಯಕನನ್ನು ಹತ್ತಿಸಿ ಕಳುಹಿಸಿದರು. ಕೊಂಡ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಪಡೆಯಲಿಲ್ಲ. ಆ ಹುಡುಗ ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದ. ಅಕ್ಕ, ನಿಮ್ಮ ಉಪಕಾರವನ್ನು ನಾವು ಮರೆಯುವುದಿಲ್ಲ.

ನಮ್ಮ ಊರಿನ ಔಷಧಿ ಅಂಗಡಿಯ ಅಣ್ಣನವರಿಗೂ ನಾನು ಋಣಿ. ಕಪ್ಪು ಮಸಿಯನ್ನು ತೆಳುವಾಗಿಸಿ ಬೂದು ಛಾಯೆ ಮಾಡಿಕೊಳ್ಳಲು ನೀರು ಬೇಕು. ಭಟ್ಟಿ ಇಳಿಸಿದ ನೀರು ಸಾಕೆಂದು ಹಲವರು ತಿಳಿದಿದ್ದಾರೆ. ಆದರೆ ಅದು ಸೋಂಕುರಹಿತವೆಂಬ ಖಾತರಿಯಿಲ್ಲ. 2011ರ ಕೊನೆಯಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಟ್ಯಾಟೂ ಹಾಕಿಸಿಕೊಂಡ 19 ಜನರಿಗೆ ಚರ್ಮದ ಸೋಂಕು ತಗುಲಿದಾಗ, ಅದರ ಮೂಲ ಮೊದಲೇ ಬೆರೆಸಿಟ್ಟ ಬೂದು ಮಸಿಯಲ್ಲಿ ಸಿಕ್ಕಿತ್ತು. ಅದನ್ನು ತೆಳುಗೊಳಿಸಿದ್ದ ಭಟ್ಟಿ ನೀರಿನ ಮೇಲೆಯೇ ಅನುಮಾನ ಬಿದ್ದಿತ್ತು. ಅಣ್ಣನವರಿಗೆ ಇದನ್ನು ಹೇಳಿದೊಡನೆ, ಇಂಜೆಕ್ಷನ್‌ಗೆ ಬಳಸುವ ಸ್ಟೆರೈಲ್ ನೀರಿನ ಸಣ್ಣ ಆಂಪೂಲ್‌ಗಳನ್ನು ಪ್ರತಿಯೊಬ್ಬರಿಗೂ ಹೊಸದೊಂದು ಸಿಗುವಷ್ಟು ತರಿಸಿಕೊಟ್ಟರು. ಬಳಸದೆ ಉಳಿದದ್ದನ್ನು ವಾಪಸು ಪಡೆಯುವುದಾಗಿಯೂ ಅವರೇ ಹೇಳಿದ್ದರಿಂದ ನಮಗೆ ಲೆಕ್ಕದ ಚಿಂತೆ ತಪ್ಪಿತು.

ಜಾಗ ಕೊಟ್ಟ ದಂಪತಿಗಳು ತಮ್ಮ ಮನೆಯ ಹಾಲ್‌ನಿಂದ ಸೋಫಾ, ಪರದೆ, ಜಮಖಾನಗಳನ್ನೆಲ್ಲ ತೆಗೆಸಿ, ಒರೆಸಿ ಶುಚಿ ಮಾಡಬಹುದಾದ ಮೇಜುಗಳನ್ನಷ್ಟೇ ಉಳಿಸಿದರು. ಮಂಜು ಮುಸುಕಿದ ಆ ಬೆಳಿಗ್ಗೆಗಳಲ್ಲಿ ಗಾಳಿಯ ತೇವಕ್ಕೆ ಸ್ಟೆನ್ಸಿಲ್, ಅಂದರೆ ಸೂಜಿಗೆ ದಾರಿ ತೋರಲು ಚರ್ಮದ ಮೇಲೆ ಮೊದಲು ಅಚ್ಚೊತ್ತುವ ಚಿತ್ರ, ಬೇಗ ಒಣಗುತ್ತಿರಲಿಲ್ಲ. ಒಣಗದ ಸ್ಟೆನ್ಸಿಲ್ ಕೈಯ ಒರಸಿಗೆ ಅಳಿಸಿಹೋಗಿ ಗೆರೆ ತಪ್ಪುತ್ತದೆ. ಆ ಮನೆಯ ಆಂಟಿ ತಾವಾಗಿಯೇ ರೂಮ್ ಹೀಟರ್ ತಂದಿಟ್ಟರು. ಪಕ್ಕದ ಮನೆಯವರು ಕರೆಂಟ್ ಹೋದರೂ ದೀಪ ಆರದಿರಲೆಂದು ತಮ್ಮ ಇನ್ವರ್ಟರ್ ಕೊಟ್ಟರು.

ಎರಡನೆಯ ದಿನ ಸೋಮವಾರಪೇಟೆ ಕಡೆಯಿಂದ ಅಜ್ಜಿಯೊಬ್ಬರು ಮೊಮ್ಮಗಳೊಂದಿಗೆ ಬಂದರು. ಅವರ ಮುಂಗೈಯಲ್ಲಿ ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಹಚ್ಚೆಯಿತ್ತು: ಹಸಿರುಗಟ್ಟಿದ ಚುಕ್ಕಿಗಳ ಸಾಲು, ಅದರ ನಡುವೆ ಮಸುಕಾದ ಒಂದು ಹೂವು. ಅದನ್ನು ಮತ್ತೆ ತಿದ್ದಿಸಬೇಕೆಂಬುದು ಮೊಮ್ಮಗಳ ಆಸೆ. ವಯಸ್ಸಾದ ಚರ್ಮ ತೀರಾ ತೆಳುವಾಗಿದ್ದರಿಂದ ನಮ್ಮ ಕಲಾವಿದೆ ಒಪ್ಪಲಿಲ್ಲ. ಅಜ್ಜಿಯ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಆ ಚುಕ್ಕಿಗಳನ್ನು ಒಂದೊಂದಾಗಿ ಟ್ರೇಸಿಂಗ್ ಕಾಗದಕ್ಕೆ ಇಳಿಸಿಕೊಂಡು, ಓರೆಯಾಗಿದ್ದ ದಳವನ್ನು ಓರೆಯಾಗಿಯೇ ಬಿಟ್ಟು, ಮೊಮ್ಮಗಳ ಮುಂಗೈಗೆ ಅದನ್ನೇ ಹಾಕಿದರು. ಬೇಡ ಎನ್ನಬೇಕಾದಲ್ಲಿ ಬೇಡ ಎನ್ನುವ ಕಲಾವಿದರು ನಮ್ಮ ಜೊತೆಗಿದ್ದರೆಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ.

ಹಾಗೆ ಬೇಡ ಎನ್ನುವ ಕಷ್ಟದ ಕೆಲಸವನ್ನು ಬಾಗಿಲಲ್ಲೇ ಕುಳಿತು ಮಾಡಿದವರು ನಮ್ಮ ನರ್ಸ್ ಅಕ್ಕ. ಹದಿನೆಂಟು ತುಂಬದವರನ್ನು ನೋವಾಗದಂತೆ ತಿಳಿಹೇಳಿ ವಾಪಸು ಕಳುಹಿಸಿದರು, ಸಕ್ಕರೆ ಕಾಯಿಲೆಯವರಿಗೆ ವೈದ್ಯರನ್ನು ಕೇಳಿ ಬರಲು ಹೇಳಿದರು, ಪ್ರತಿ ಪೊಟ್ಟಣದ ಅವಧಿ ದಿನಾಂಕವನ್ನು ಬಂದವರ ಎದುರೇ ಓದಿ ತೋರಿಸಿದರು. ತ್ಯಾಜ್ಯದ ಹೊಣೆಯೂ ಅವರದೇ ಆಗಿತ್ತು. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳು ಆಸ್ಪತ್ರೆಗಳಿಗೆ ಹೇಳುವ ಬಣ್ಣದ ಕ್ರಮವನ್ನೇ ಅವರು ಇಲ್ಲಿಯೂ ಪಾಲಿಸಿದರು: ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗ್ಲೋವ್ಸ್ ಕೆಂಪು ಚೀಲಕ್ಕೆ, ರಕ್ತ ಒರೆಸಿದ ಹತ್ತಿ ಹಳದಿ ಚೀಲಕ್ಕೆ. ಇವೆಲ್ಲವನ್ನೂ ತಮ್ಮ ತ್ಯಾಜ್ಯದೊಂದಿಗೆ ವಿಲೇವಾರಿಗೆ ಕಳುಹಿಸಲು ಒಪ್ಪಿದ ಕ್ಲಿನಿಕ್‌ನ ವೈದ್ಯರಿಗೆ ನನ್ನ ನಮಸ್ಕಾರಗಳು. ಅವರು ಒಪ್ಪದಿದ್ದರೆ ನಾವು ಶಿಬಿರದ ದಿನಾಂಕವನ್ನೇ ಪ್ರಕಟಿಸುತ್ತಿರಲಿಲ್ಲ.

ಕಾಫಿ ರೆಂಬೆ, ಕರಿಮೆಣಸಿನ ಬಳ್ಳಿ, ಅಮ್ಮನ ಹೆಸರು, ಹೀಗೆ ತಮಗೆ ಬೇಕಾದುದನ್ನು ನಂಬಿಕೆಯಿಂದ ನಮ್ಮ ಬಳಿ ಹಾಕಿಸಿಕೊಂಡ ಎಲ್ಲರಿಗೂ ಧನ್ಯವಾದಗಳು. ಮೇಲಿನ ಚರ್ಮ ಮಾಯಲು ಎರಡು ಮೂರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಸಿಪ್ಪೆಯನ್ನು ಕೆರೆಯಬೇಡಿ, ಹೊಳೆ ಕೆರೆಗಳಲ್ಲಿ ಈಜಬೇಡಿ, ಕೊಯ್ಲಿಗೆ ಹೋಗುವವರು ತುಂಬು ತೋಳಿನ ಹತ್ತಿಯ ಅಂಗಿ ತೊಡಿ. ಕೆಂಪಾಗಿ ಊದಿಕೊಂಡರೆ ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ, ನಮಗೂ ತಿಳಿಸಿ. ಗೆರೆ ಎಲ್ಲಾದರೂ ಮಸುಕಾಗಿದ್ದರೆ, ಪೂರ್ತಿ ಮಾಯ್ದ ಮೇಲೆ ಮೈಸೂರಿನ ಅಕ್ಕನ ಸ್ಟುಡಿಯೋದಲ್ಲಿ ಅದನ್ನು ಹಣ ಪಡೆಯದೆ ಸರಿಪಡಿಸಿಕೊಡಲು ಕಲಾವಿದರು ಒಪ್ಪಿದ್ದಾರೆ.