ನಮ್ಮ 88.5 ಎಫ್‌ಎಂ ಬಗ್ಗೆ ಒಂದು ಮಾತು

ಬೇ ಏರಿಯಾದ ಎಲ್ಲ ಕನ್ನಡ ಬಂಧುಗಳಿಗೆ ನಮಸ್ಕಾರ.

ಬೆಳಿಗ್ಗೆ ಕಾರಲ್ಲಿ ಕೆಕ್ಯೂಇಡಿ (ಸ್ಯಾನ್ ಫ್ರಾನ್ಸಿಸ್ಕೊದ, ಕೇಳುಗರ ದೇಣಿಗೆ ನೆಚ್ಚಿಕೊಂಡ ಸಾರ್ವಜನಿಕ ರೇಡಿಯೊ, ಅದೇ ನಮ್ಮ 88.5 ಎಫ್‌ಎಂ) ಕೇಳುವವರು ನಮ್ಮಲ್ಲಿ ಜಾಸ್ತಿ ಜನ ಇದ್ದೀರಿ, ಅಲ್ವಾ? 2025ರ ಜುಲೈನಲ್ಲಿ ಅವರು ಶೇ. 15ರಷ್ಟು ಸಿಬ್ಬಂದಿಯನ್ನು ಕಡಿಮೆ ಮಾಡಿದರು. ಅದೇ ತಿಂಗಳು ಅಮೆರಿಕದ ಸಂಸತ್ತು ಸಾರ್ವಜನಿಕ ರೇಡಿಯೊ, ಟಿವಿಗೆ ಮೀಸಲಿಟ್ಟಿದ್ದ ಸುಮಾರು 110 ಕೋಟಿ ಡಾಲರ್ ಹಿಂದಕ್ಕೆ ಪಡೆಯಿತು. ಲೇಆಫ್ ಅಂದರೆ ಏನು ಅಂತ ಈ ಗುಂಪಿಗೆ ಬಿಡಿಸಿ ಹೇಳಬೇಕಿಲ್ಲ.

2019ರ ಅಕ್ಟೋಬರ್ ನೆನಪಿದೆಯಾ? ಕಾಡ್ಗಿಚ್ಚಿನ ಭಯಕ್ಕೆ ಕರೆಂಟ್ ತೆಗೆದಿದ್ದರು. ವೈಫೈ ಇಲ್ಲ, ಫೋನ್ ಚಾರ್ಜ್ ಇಲ್ಲ. ನಾನು ಡ್ರೈವ್‌ವೇನಲ್ಲಿ ಕಾರೊಳಗೆ ಕೂತು, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ರೇಡಿಯೊ ಕೇಳಿದ್ದೆ. ಯಾವ ಕಡೆ ಬೆಂಕಿ, ಯಾವ ರಸ್ತೆ ಬಂದ್, ಎಲ್ಲ ಅಲ್ಲೇ ಗೊತ್ತಾಗಿದ್ದು. ಈ ಗುಂಪಿನಲ್ಲಿ ಬರುವ ಫಾರ್ವರ್ಡ್‌ಗಳು ಆ ಕೆಲಸ ಮಾಡಲ್ಲ (ನನ್ನವೂ ಸೇರಿ!). ಅಂಥ ಸುದ್ದಿಗೆ ಒಬ್ಬರು ಜಾಗಕ್ಕೇ ಹೋಗಿ ನಿಂತು ವಿಚಾರಿಸಬೇಕು.

ಅದಕ್ಕೇ ಹೇಳ್ತಿದ್ದೀನಿ, ಆದವರು ಕೆಕ್ಯೂಇಡಿಗೆ ತಿಂಗಳಿಗೆ 5 ಡಾಲರ್ ಆದರೂ ಕೊಡಿ. ಗ್ಯಾರೇಜಿನಲ್ಲಿ ಸುಮ್ನೆ ನಿಂತಿರುವ ಹಳೇ ಕಾರು ಕೊಟ್ಟರೂ ತಗೊಳ್ತಾರೆ. ದುಡ್ಡನ್ನು ನೇರವಾಗಿ ಅವರ ವೆಬ್‌ಸೈಟಿನಲ್ಲೇ ಕಟ್ಟಿ. ನನಗೆ ಕಳಿಸಬೇಡಿ, ಲೆಕ್ಕ ಇಡೋಕೆ ನನ್ನ ಕೈಲಾಗಲ್ಲ.