ನಿಮ್ಮ ಕಥೆಯಲ್ಲಿ ಕುಸಿದ ಗೋಡೆಯ ಬಗ್ಗೆ

ಬೆಂಗಳೂರು

ಪ್ರಿಯ ಕಿರಿಯ ಮಿತ್ರರೆ,

ನಿಮ್ಮ ಕಥೆಯನ್ನು ಸಾವಧಾನವಾಗಿ ಓದಿದೆ. ಲಿಂಗರಾಜಪುರದ ಬಾಡಿಗೆ ಮನೆಯ ಆ ವಿಧವೆಯನ್ನೂ, ಅವಳ ಅಡ್ವಾನ್ಸ್ ಹಣ ಹಿಂದಿರುಗಿಸದೆ ಮನೆ ಬಿಡಿಸುವ ಮಾಲೀಕನನ್ನೂ ಹತ್ತಿರದಿಂದ ಕಂಡವರಂತೆ ಬರೆದಿದ್ದೀರಿ. ಆದರೆ ಕೊನೆಗೆ ಮಳೆಯಲ್ಲಿ ಗೋಡೆ ಕುಸಿದು ಮಾಲೀಕ ಸತ್ತಾಗ, ‘ದೇವರ ನ್ಯಾಯ ತಪ್ಪಲಿಲ್ಲ’ ಎಂದು ನೆರೆಮನೆಯವರ ಬಾಯಲ್ಲಿ ಹೇಳಿಸಿ ಕಥೆ ಮುಗಿಸಿಬಿಟ್ಟಿದ್ದೀರಿ. ಬೈಬಲನ್ನು ನೆಚ್ಚಿ ಬರೆಯುವ ನೀವು ಅಲ್ಲಿ ಬೈಬಲಿಗೇ ದೂರವಾಗಿದ್ದೀರಿ ಎಂದು ನನಗನ್ನಿಸಿತು.

ಲೂಕನ ಸುವಾರ್ತೆಯ 13ನೆಯ ಅಧ್ಯಾಯವನ್ನು ಮತ್ತೊಮ್ಮೆ ನೋಡಿ. ಸಿಲೋವದಲ್ಲಿ ಗೋಪುರ ಬಿದ್ದು 18 ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದ ನಿವಾಸಿಗಳಿಗಿಂತ ಹೆಚ್ಚು ತಪ್ಪಿತಸ್ಥರಾಗಿದ್ದರೆಂದು ನೆನಸುತ್ತೀರೋ ಎಂದು ಯೇಸು ಕೇಳಿ, ಇಲ್ಲವೆಂದು ತಾನೇ ಉತ್ತರ ಕೊಟ್ಟು, ಕೇಳುತ್ತಿದ್ದ ಜನರನ್ನೇ ಪಶ್ಚಾತ್ತಾಪಕ್ಕೆ ಕರೆಯುತ್ತಾನೆ. ತಪ್ಪಿಲ್ಲದೆ ಕಷ್ಟಕ್ಕೆ ಸಿಕ್ಕಿದ ಯೋಬನ ಗ್ರಂಥ ಇನ್ನೂ ಮುಂದೆ ಹೋಗುತ್ತದೆ. ಕಷ್ಟ ಬಂದಿದ್ದರೆ ಪಾಪ ಮಾಡಿಯೇ ಇರಬೇಕೆಂದು ಪುಟಗಟ್ಟಲೆ ವಾದಿಸಿದ ಸ್ನೇಹಿತರ ಮೇಲೆ ದೇವರು 42ನೆಯ ಅಧ್ಯಾಯದಲ್ಲಿ ಸಿಟ್ಟಾಗುತ್ತಾನೆ. ದೇವರ ಮೇಲೆಯೇ ದೂರು ಹೊರಿಸಿದ ಯೋಬನು ಸರಿಯಾಗಿ ಮಾತಾಡಿದನೆಂದು ಹೇಳುತ್ತಾನೆ. ದೇವರ ಪರವಾಗಿ ವಕಾಲತ್ತು ವಹಿಸಿದವರನ್ನು ದೇವರೇ ಒಪ್ಪದ ಆ ಪುಟವನ್ನು ನಾನು ಇಂದಿಗೂ ಬೆರಗಿನಿಂದ ಓದುತ್ತೇನೆ.

ಹಾಗೆಂದು ದೇವರ ಕೋಪವನ್ನು ಒರೆಸಿಹಾಕಿ, ಬರಿಯ ಕರುಣೆಯ ಕಥೆ ಬರೆಯಿರಿ ಎನ್ನುತ್ತಿಲ್ಲ. ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿ ಆ ಕೋಪ ಸುಡುವಂಥದು: ವಿಧವೆಯನ್ನೂ ತಬ್ಬಲಿಯನ್ನೂ ಬಾಧಿಸಿದರೆ ಅವರ ಕೂಗನ್ನು ಕೇಳಿಯೇ ಕೇಳುತ್ತೇನೆ ಎಂದು ದೇವರು ಎಚ್ಚರಿಸುತ್ತಾನೆ. ಅದೇ ಅಧ್ಯಾಯದಲ್ಲಿ, ಬಡವನಿಂದ ಅಡವಾಗಿ ತೆಗೆದುಕೊಂಡ ಕಂಬಳಿಯನ್ನು ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಡಬೇಕೆಂಬ ಆಜ್ಞೆಯಿದೆ, ಏಕೆಂದರೆ ಅವನಿಗೆ ಹೊದೆಯಲು ಇರುವುದು ಅದೊಂದೇ. ಅದಿಲ್ಲದೆ ಅವನು ಇನ್ನೇನು ಹೊದ್ದು ಮಲಗಿಯಾನು ಎಂದು ದೇವರೇ ಕೇಳುತ್ತಾನೆ. ನ್ಯಾಯದ ಮಾತಿನಲ್ಲಿ ದೇವರ ಕಣ್ಣು ಮೊದಲು ಹೋಗುವುದು ನೊಂದವನ ರಾತ್ರಿಯ ಕಡೆಗೆ. ನಿಮ್ಮ ಕಥೆಯಲ್ಲಿ ಗೋಡೆ ಬಿದ್ದ ರಾತ್ರಿ ಆ ಹೆಂಗಸು ಎಲ್ಲಿ ಮಲಗಿದಳೆಂಬುದು ಓದುಗರಿಗೆ ಗೊತ್ತೇ ಆಗುವುದಿಲ್ಲ. ಮಾಲೀಕ ಸತ್ತ, ಅವಳ ಹಣ ಬರಲಿಲ್ಲ.

ಜಕ್ಕಾಯನ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ಓದಿ. ಯೆರಿಕೋವಿನ ಈ ಮುಖ್ಯ ಸುಂಕದವನ ತಲೆಯ ಮೇಲೆ ಯಾವ ಗೋಪುರವೂ ಬೀಳುವುದಿಲ್ಲ. ಯೇಸು ಅವನ ಮನೆಗೆ ಅತಿಥಿಯಾಗಿ ಹೋದುದನ್ನು ಕಂಡು ಜನರು ಗೊಣಗುತ್ತಾರೆ, ಮತ್ತು ಸುಲಿಗೆಗೆ ಒಳಗಾದವರ ಆ ಗೊಣಗಾಟ ನನಗೆ ಪೂರ್ತಿ ಅರ್ಥವಾಗುತ್ತದೆ. ಆಗ ಅವನು ಎದ್ದುನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ತೀರಿಸುತ್ತೇನೆ ಎನ್ನುತ್ತಾನೆ. ಅವನು ಕ್ಷಮೆಯ ಮಾತಾಡಿ ಸುಮ್ಮನಾಗಿದ್ದರೆ ಯೆರಿಕೋವಿನ ಬಡವರಿಗೆ ಏನು ಸಿಗುತ್ತಿತ್ತು? ಈ ಮನೆಗೆ ರಕ್ಷಣೆಯಾಯಿತು ಎಂದು ಯೇಸು ಹೇಳುವುದು ಆ ಮಾತಿನ ಬಳಿಕವೇ.

ಲೋಕದ ಕೊನೆಯಲ್ಲಿ ದೇವರು ಕೊಡುವ ಕಡೆಯ ತೀರ್ಪಿನ ವಿಚಾರವನ್ನು ಈ ಕಥೆಗೆ ತರಬೇಡಿ. ಅದರ ಭಾರವನ್ನು ಇಷ್ಟು ಚಿಕ್ಕ ಕಥೆ ಹೊರಲಾರದು. ಗೋಡೆಯನ್ನು ತೆಗೆದು, ಮಾಲೀಕನನ್ನು ಬದುಕಲು ಬಿಡಿ. ಲೂಕನ 18ನೆಯ ಅಧ್ಯಾಯದ ವಿಧವೆ ನ್ಯಾಯಾಧಿಪತಿಯ ಬೆನ್ನುಬಿಡದೆ ಬಂದು ಕೇಳಿದಂತೆ, ನಿಮ್ಮವಳೂ ಅವನ ಬಾಗಿಲಿಗೆ ಹೋಗಿ ತನ್ನ ಹಣವನ್ನು ತನ್ನ ಬಾಯಿಂದಲೇ ಕೇಳಲಿ. ಅವನು ಏನು ಮಾಡುತ್ತಾನೆಂಬುದನ್ನು ನೀವು ಬರೆದಾದ ಮೇಲೆ ಓದಲು ಕಾದಿರುತ್ತೇನೆ.

ಇಂತು ನಿಮ್ಮ ಹಿತೈಷಿ