ಹೊಸ ವರ್ಷಕ್ಕೆ ಒಂದು ಕೌದಿ ಸಾಕು

ಎಲ್ಲರಿಗೂ ನಮಸ್ಕಾರ. ಈ ವರ್ಷ ಹತ್ತು ಕೌದಿ, ಇಪ್ಪತ್ತು ಬ್ಲೌಸ್ ಅಂತ ದೊಡ್ಡ ಪಟ್ಟಿ ಮಾಡಬೇಡಿ ದಯವಿಟ್ಟು. ಅರ್ಧಕ್ಕೆ ನಿಂತ ಕೌದಿ ಪೆಟ್ಟಿಗೆಯಲ್ಲಿ ಇದೆ ಅಲ್ವಾ, ಮೊದಲು ಅದನ್ನೇ ಯುಗಾದಿಯೊಳಗೆ ಮುಗಿಸೋಣ, ಯಾಕಂದ್ರೆ ಆಮೇಲೆ ನಮ್ಮ ಬಳ್ಳಾರಿ ಬಿಸಿಲಲ್ಲಿ ನಾಲ್ಕು ಪದರದ ಬಟ್ಟೆ ತೊಡೆ ಮೇಲೆ ಹಾಕಿಕೊಂಡು ಮಧ್ಯಾಹ್ನ ಕೂರುವುದು ಆಗದ ಮಾತು, ಕೈ ಬೆವರಿ ಸೂಜಿ ಜಾರುತ್ತದೆ. ಬೇಸಿಗೆಗೆ ಚೀಲ, ದಿಂಬಿನ ಕವರ್ ಇಟ್ಟುಕೊಳ್ಳಿ.

ಹೊಸಬರು ಮಗುವಿನ ಕೌದಿಯಿಂದ ಶುರು ಮಾಡಿ. ಮೂರು ಅಡಿಗೆ ನಾಲ್ಕು ಅಡಿ ಸಾಕು, ಹಳೇ ಕಾಟನ್ ಸೀರೆಯಷ್ಟು ಮೆತ್ತಗಿನದು ಬೇರೆ ಸಿಗುವುದಿಲ್ಲ. ನಮ್ಮೂರ ಜೀನ್ಸ್ ತುಂಡು ಸೇರಿಸುವವರು ಮೆಷಿನ್‌ಗೆ 16 ನಂಬರ್ ಸೂಜಿ ಹಾಕಿ, ಸಣ್ಣದು ಬೇಗ ಮುರಿಯುತ್ತದೆ.

ಯಾರು ಏನು ಮುಗಿಸುತ್ತೀರಿ, ಒಂದೇ ಒಂದು ಕೆಲಸ, ಭಾನುವಾರದೊಳಗೆ ಇಲ್ಲಿ ಬರೆಯಿರಿ.